ಕೊಳೆತ ಮರಕ್ಕೂ ಒಂದು ಕಾನೂನು: ಬಿದ್ದ ಮರಕ್ಕೂ ಬಸವನಹುಳುವಿಗೂ ಏನು ನಂಟು?

ಐರೋಪ್ಯ ಒಕ್ಕೂಟದ 27 ದೇಶಗಳು ತಮ್ಮ ನಿಸರ್ಗ ಪುನಶ್ಚೇತನ ಯೋಜನೆಯ ಕರಡು ಒಪ್ಪಿಸಲು ಇರುವ ಗಡುವು 2026ರ ಸೆಪ್ಟೆಂಬರ್ 1. ಈ ಯೋಜನೆಗಳಲ್ಲಿ ನದಿ, ಜೌಗು ನೆಲ, ಹುಲ್ಲುಗಾವಲುಗಳ ಜೊತೆಗೆ ಓದುಗರನ್ನು ಗೊಂದಲಕ್ಕೆ ಕೆಡವಿದ ಇನ್ನೊಂದು ಬಾಬತ್ತೂ ಇದೆ. ಕಾಡಿನಲ್ಲಿ ಸತ್ತು ನಿಂತ ಮರ ಎಷ್ಟಿದೆ, ಸತ್ತು ಬಿದ್ದ ಮರ ಎಷ್ಟಿದೆ ಎಂಬ ಲೆಕ್ಕ ಅದು. ಆ ಲೆಕ್ಕ ಇಳಿಯಬಾರದು, ಏರುತ್ತಾ ಹೋಗಬೇಕು ಎನ್ನುತ್ತದೆ ಕಾನೂನು.

ಗೊಂದಲ ಸಹಜವೇ. ಬೇಸಿಗೆ ಬಂತೆಂದರೆ ಯುರೋಪಿನ ಕಾಡುಗಳು ಹೊತ್ತಿ ಉರಿಯುವ ಸುದ್ದಿ ಬರುತ್ತದೆ. ತೊಗಟೆ ಕೊರೆಯುವ ದುಂಬಿಗಳು ಸ್ಪ್ರೂಸ್ ಎಂಬ ಸೂಜಿ ಎಲೆಯ ಮರಗಳನ್ನು ಗುಡ್ಡಗುಡ್ಡವೇ ಒಣಗಿಸಿವೆ. ಇಂಥ ಹೊತ್ತಿನಲ್ಲಿ ಸತ್ತ ಮರವನ್ನು ಕಾಡಿನಲ್ಲೇ ಕೊಳೆಯಲು ಬಿಡಿ ಎಂದರೆ ಮನೆಗೆ ಬೆಂಕಿ ಬಿದ್ದಾಗ ಕಟ್ಟಿಗೆ ತಂದು ಒಟ್ಟಿದಂತಲ್ಲವೇ? ಬಂಡೀಪುರ, ನಾಗರಹೊಳೆಗಳಲ್ಲಿ ಕಾಡ್ಗಿಚ್ಚು ಕಂಡಾಗಲೆಲ್ಲ ನಮ್ಮಲ್ಲೂ ಇದೇ ಪ್ರಶ್ನೆ ಏಳುತ್ತದೆ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ ಮರಗಳನ್ನು ತೆಗೆಯಲು ಆದೇಶಿಸಕೂಡದು ಎಂದು ನಮ್ಮ ಸುಪ್ರೀಂ ಕೋರ್ಟ್ 2000ದ ಫೆಬ್ರುವರಿ 14ರಂದೇ ತಡೆ ನೀಡಿದೆ. ಅದು ಏಕೆ ಎಂದು ಕೇಳುವವರು ಇಂದಿಗೂ ಇದ್ದಾರೆ.

ಇದಕ್ಕೆ ಉತ್ತರ ಹಲವು ಜೀವಿಗಳ ಕಡೆಯಿಂದ ಹೇಳಬಹುದು. ಮರಕುಟಿಗ, ದುಂಬಿ, ಅಣಬೆಗಳ ಮಾತು ಸಾಕಷ್ಟು ಬಂದಿದೆ. ಬಿದ್ದ ಮರದ ಕೆಳಗೆ ಸದ್ದಿಲ್ಲದೆ ಬದುಕುವ ಬಸವನಹುಳು ಮತ್ತು ಅದರ ಚಿಪ್ಪಿಲ್ಲದ ಸೋದರ ಗೊಣ್ಣೆಹುಳುವಿನ (ಸ್ಲಗ್) ಮಾತು ಬಂದದ್ದು ಕಡಿಮೆ. ಎಷ್ಟು ಮರ ಬಿಡಬೇಕು ಎಂಬುದಷ್ಟೇ ಅಲ್ಲ, ಎಲ್ಲಿ, ಎಷ್ಟು ಹತ್ತಿರದಲ್ಲಿ, ಎಷ್ಟು ಕಾಲ ಬಿಡಬೇಕು ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಡುವುದು ಈ ನಿಧಾನದ ಜೀವಿಗಳೇ.

ಕಾನೂನು ಹೇಳುವುದೇನು?

ನಿಸರ್ಗ ಪುನಶ್ಚೇತನ ಕಾನೂನಿಗೆ ಸದಸ್ಯ ದೇಶಗಳ ಪರಿಸರ ಸಚಿವರು 2024ರ ಜೂನ್ 17ರಂದು ಒಪ್ಪಿಗೆ ಕೊಟ್ಟರು. ಸ್ವೀಡನ್, ಫಿನ್ಲೆಂಡ್, ಪೋಲೆಂಡ್, ಇಟಲಿ, ಹಂಗೇರಿ, ನೆದರ್ಲೆಂಡ್ಸ್ ವಿರೋಧಿಸಿದವು. ಆಸ್ಟ್ರಿಯಾದ ಸಚಿವೆ ಲಿಯೊನೋರ್ ಗೆವೆಸ್ಲರ್ ತಮ್ಮದೇ ಸರ್ಕಾರದ ಮುಖ್ಯ ಪಕ್ಷದ ಮಾತು ಮೀರಿ ಪರವಾಗಿ ಕೈ ಎತ್ತಿದ್ದರಿಂದ ಕೂದಲೆಳೆಯ ಅಂತರದಲ್ಲಿ ಅದು ಪಾಸಾಯಿತು. ಆಗಸ್ಟ್ 18ರಿಂದ ಜಾರಿಯಲ್ಲಿದೆ.

ಕಾಡಿನ ಆರೋಗ್ಯ ಅಳೆಯಲು ಕಾನೂನು ಏಳು ಅಳತೆಗಳನ್ನು ಕೊಟ್ಟಿದೆ: ನಿಂತ ಸತ್ತ ಮರ, ಬಿದ್ದ ಸತ್ತ ಮರ, ಬೇರೆ ಬೇರೆ ವಯಸ್ಸಿನ ಮರಗಳಿರುವ ಕಾಡಿನ ಪಾಲು, ಕಾಡು ಕಾಡಿಗೆ ಇರುವ ಕೊಂಡಿ, ಮಣ್ಣಿನಲ್ಲಿ ಉಳಿದ ಇಂಗಾಲ, ಸ್ಥಳೀಯ ಮರಗಳೇ ಹೆಚ್ಚಿರುವ ಕಾಡಿನ ಪಾಲು, ಮರಜಾತಿಗಳ ವೈವಿಧ್ಯ. ಕಾಡುಹಕ್ಕಿಗಳ ಸೂಚ್ಯಂಕ ಎಲ್ಲ ದೇಶಗಳಿಗೂ ಕಡ್ಡಾಯ. ಅದರ ಜೊತೆಗೆ ಈ ಏಳರಲ್ಲಿ ಕನಿಷ್ಠ ಆರು ಏರುಮುಖವಾಗಿರಬೇಕು. ಇಲ್ಲೊಂದು ಸೂಕ್ಷ್ಮವಿದೆ. ಏಳರಲ್ಲಿ ಬಿಡಲು ಸಾಧ್ಯವಿರುವುದು ಒಂದನ್ನು ಮಾತ್ರ. ಆದ್ದರಿಂದ ಯಾವ ದೇಶವೂ ಸತ್ತ ಮರದ ಎರಡೂ ಅಳತೆಗಳಿಂದ ತಪ್ಪಿಸಿಕೊಳ್ಳಲಾಗದು. ಕಾಡ್ಗಿಚ್ಚಿನ ಅಪಾಯವನ್ನು ಗಮನದಲ್ಲಿ ಇಟ್ಟುಕೊಂಡೇ ಇದನ್ನು ಮಾಡಬೇಕು ಎಂಬ ಮಾತೂ ಅದೇ ಕಲಮಿನಲ್ಲಿದೆ. ವಿರೋಧಿಗಳು ಈ ಮಾತನ್ನು ಬಿಟ್ಟು ಓದುತ್ತಾರೆ, ಬೆಂಬಲಿಗರೂ ಅಷ್ಟಾಗಿ ಹೇಳುವುದಿಲ್ಲ.

ಬಸವನಹುಳುವಿನ ಹೆಸರು ಈ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

‘ಚೊಕ್ಕ ಕಾಡು’ ಎಂಬ ಕಲ್ಪನೆ ಬಂದದ್ದು ಎಲ್ಲಿಂದ?

ಬಿದ್ದ ಮರ ಎಂದರೆ ಕಸ, ರೋಗದ ಮೂಲ, ಪೋಲಾದ ಹಣ ಎಂಬ ಭಾವನೆ ಕಾಡಿನಷ್ಟು ಹಳೆಯದಲ್ಲ. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಆಡಳಿತ ನೋಡುತ್ತಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಅರಣ್ಯ ನಿರ್ವಹಣೆಯ ಬಗ್ಗೆ ಬರೆದ. ಬೆಳೆದಷ್ಟೇ ಕಡಿಯಬೇಕು ಎಂಬುದು ಆತನ ಮಾತಿನ ತಿರುಳು. ಗಣಿಗಳ ಕುಲುಮೆಗೆ ಕಟ್ಟಿಗೆ ಸಾಲದೆ ಕಾಡು ಬರಿದಾಗುತ್ತಿದ್ದ ಕಾಲಕ್ಕೆ ಅದು ದೊಡ್ಡ ವಿವೇಕವೇ. ಆದರೆ ಅದರಿಂದ ಬೆಳೆದ ಅರಣ್ಯಶಾಸ್ತ್ರ ಕಾಡನ್ನು ಮರದ ಹೊಲದಂತೆ ಕಾಣತೊಡಗಿತು. ಒಂದೇ ಜಾತಿ, ಒಂದೇ ವಯಸ್ಸು, ಸಾಲು ಸಾಲು. ಹೊಲದಲ್ಲಿ ಕಳೆ ಕೀಳುವಂತೆ ಕಾಡಿನಲ್ಲಿ ಸತ್ತ ಮರ ಎತ್ತುವುದು ಒಳ್ಳೆಯ ಅರಣ್ಯಾಧಿಕಾರಿಯ ಲಕ್ಷಣವಾಯಿತು.

ಭಾರತಕ್ಕೆ ಈ ಶಾಸ್ತ್ರ ನೇರವಾಗಿಯೇ ಬಂತು. 1864ರಲ್ಲಿ ಬ್ರಿಟಿಷ್ ಸರ್ಕಾರ ಅರಣ್ಯಗಳ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಿಸಿದ ಡೀಟ್ರಿಚ್ ಬ್ರಾಂಡಿಸ್ ಜರ್ಮನಿಯ ಬಾನ್‌ನವರು. ನಮ್ಮ ಅರಣ್ಯ ಇಲಾಖೆಗಳಿಗೆ ಕಾರ್ಯಯೋಜನೆ ಬರೆಯುವ ರೂಢಿ ಬಂದದ್ದು ಆ ಪರಂಪರೆಯಿಂದ. ‘ಸತ್ತ, ಸಾಯುತ್ತಿರುವ, ಗಾಳಿಗೆ ಬಿದ್ದ’ ಎಂದು ಮರಗಳನ್ನು ಒಂದೇ ಉಸಿರಿನಲ್ಲಿ ಸಾಗಣೆಯ ಪಟ್ಟಿಗೆ ಸೇರಿಸುವ ಭಾಷೆಯೂ ಅಂಥ ಕಡತಗಳದ್ದೇ. ಸುಪ್ರೀಂ ಕೋರ್ಟ್ 2000ದಲ್ಲಿ ತಡೆ ಹಾಕಿದ್ದು ಹೆಚ್ಚುಕಡಿಮೆ ಅದೇ ಪದಗಳಿಗೆ.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. ಮನುಷ್ಯ ಕೈ ಹಾಕದೆ ಬಿಟ್ಟ, ಬೀಚ್ ಎಂಬ ಅಗಲ ಎಲೆಯ ಮರಗಳ ಯುರೋಪಿನ ಕಾಡುಗಳಲ್ಲಿ ಹೆಕ್ಟೇರಿಗೆ ಸರಾಸರಿ 130 ಘನ ಮೀಟರಿನಷ್ಟು ಸತ್ತ ಮರ ಸಿಗುತ್ತದೆ. ಯುರೋಪಿನ ಒಟ್ಟು ಕಾಡುಗಳ ಸರಾಸರಿ ಅದರ ಹತ್ತನೇ ಒಂದರಷ್ಟು, ಅಂದರೆ ಸುಮಾರು 11-12 ಘನ ಮೀಟರ್. ಸತ್ತ ಮರವನ್ನು ನಂಬಿದ ಜೀವಿಗಳು ಉಳಿಯಬೇಕಾದರೆ ಕಾಡಿನ ಬಗೆ ನೋಡಿಕೊಂಡು 20ರಿಂದ 50 ಘನ ಮೀಟರ್ ಬೇಕು ಎಂಬುದು ಸಂಶೋಧಕರು ಸಾಮಾನ್ಯವಾಗಿ ಕೊಡುವ ಅಂದಾಜು. ಎಂದರೆ ಕೊರತೆ ಚಿಲ್ಲರೆಯದಲ್ಲ.

ನೀರಿನ ಲೆಕ್ಕ

ಬಸವನಹುಳುವಿಗೂ ಮರದ ದಿಮ್ಮಿಗೂ ಏನು ಸಂಬಂಧ ಎಂಬುದು ತಿಳಿಯಲು ಅದರ ಮೈಯಿಂದಲೇ ಶುರುಮಾಡಬೇಕು. ಎತ್ತಿನ ಕೊಂಬಿನಂತೆ ಕಣ್ಣು ನೀಡಿಕೊಂಡು ಸಾಗುವ ಈ ಹುಳುವಿಗೆ ನಮ್ಮವರು ಬಸವನ ಹೆಸರು ಕೊಟ್ಟರು. ಆದರೆ ಅದು ನೆಲಕ್ಕೆ ಬಂದ ನೀರಿನ ಜೀವಿ. ಶಂಖ, ಕಪ್ಪೆಚಿಪ್ಪುಗಳೆಲ್ಲ ಅದರ ಬಳಗ. ಹಾವು, ಹಲ್ಲಿಗಳಂತೆ ಅದಕ್ಕೆ ನೀರು ತಡೆಯುವ ಚರ್ಮವಿಲ್ಲ. ಗಾಳಿ ತಗುಲಿದಷ್ಟು ಹೊತ್ತೂ ಮೈಯಿಂದ ನೀರು ಆರುತ್ತಿರುತ್ತದೆ. ಹೆಜ್ಜೆ ಇಡಲೂ ನೀರೇ ಖರ್ಚಾಗಬೇಕು, ಏಕೆಂದರೆ ಅದು ಜಾರಿ ಸಾಗುವ ಲೋಳೆಯ ಬಹುಪಾಲು ನೀರು.

ಚಿಪ್ಪಿರುವ ಬಸವನಹುಳು ಒಣಹವೆಯಲ್ಲಿ ಒಳಗೆ ಸೇರಿ, ಬಾಯಿಗೆ ಲೋಳೆಯ ತೆಳು ಪರದೆ ಕಟ್ಟಿಕೊಂಡು ಮಲಗಬಲ್ಲದು. ಗೊಣ್ಣೆಹುಳುವಿಗೆ ಆ ಮನೆಯೂ ಇಲ್ಲ. ತಂಪು ಜಾಗ ಹುಡುಕಿ ಅವಿತುಕೊಳ್ಳುವುದೊಂದೇ ಅದಕ್ಕಿರುವ ದಾರಿ.

ಈಗ ಕಾಡಿನ ನೆಲ ನೋಡಿ. ಮಳೆ ನಿಂತು ವಾರ ಹತ್ತು ದಿನವಾದರೆ ಮೇಲಿನ ತರಗೆಲೆ ಹಪ್ಪಳದಂತೆ ಮುರಿಯುತ್ತದೆ. ಅದೇ ನೆಲದಲ್ಲಿ ವರ್ಷಗಳಿಂದ ಮಲಗಿರುವ ದಪ್ಪ ದಿಮ್ಮಿಯ ಅಡಿಭಾಗ ಇನ್ನೂ ತಣ್ಣಗೆ ಒದ್ದೆಯಾಗಿರುತ್ತದೆ. ಕೊಳೆತ ಮರದ ನಾರು ಮಳೆಗಾಲದಲ್ಲಿ ಸ್ಪಂಜಿನಂತೆ ನೀರು ಕುಡಿದು ಇಟ್ಟುಕೊಳ್ಳುತ್ತದೆ. ಮೇಲಿನ ಮರದ ದಪ್ಪ ಬಿಸಿಲನ್ನು ತಡೆಯುತ್ತದೆ, ಕೆಳಗಿನ ಮಣ್ಣು ತೇವ ಕೊಡುತ್ತದೆ. ಹಗಲು ರಾತ್ರಿಯ ಬಿಸಿ ತಣ್ಪಿನ ಏರಿಳಿತವೂ ಅಲ್ಲಿ ಕಡಿಮೆ. ಕಾಡೆಲ್ಲ ಒಣಗಿದಾಗ ಬಸವನಹುಳುಗಳು ಬಂದು ಸೇರುವುದು ಇಂಥಲ್ಲಿಗೆ. ಮಳೆಗಾಲದಲ್ಲಿ ಅವು ಎಲ್ಲೆಡೆ ಹರಡಿರುವುದರಿಂದ ದಿಮ್ಮಿಯ ಬೆಲೆ ಕಣ್ಣಿಗೆ ಬೀಳುವುದಿಲ್ಲ. ಒಣದಿನಗಳಲ್ಲಿ ದಿಮ್ಮಿ ಇಲ್ಲದ ಕಾಡು ಮುಂದಿನ ಮಳೆಗೆ ಹುಳುಗಳನ್ನು ದಾಟಿಸುವುದಿಲ್ಲ.

ಮೊಟ್ಟೆಯ ವಿಷಯದಲ್ಲಿ ಇದು ಇನ್ನೂ ನಿಜ. ಸಬ್ಬಕ್ಕಿಯಂಥ ಮೊಟ್ಟೆಗಳ ಗೊಂಚಲನ್ನು ಹಲವು ಜಾತಿಗಳು ಕೊಳೆತ ಮರದ ಕೆಳಗೋ ಸಂದಿನಲ್ಲೋ ಇಡುತ್ತವೆ. ತಾಯಿಹುಳು ಒಣ ಜಾಗದಿಂದ ತಪ್ಪಿಸಿಕೊಳ್ಳಬಹುದು. ಮೊಟ್ಟೆ ಇಟ್ಟಲ್ಲೇ ಇರಬೇಕು.

ಜರ್ಮನಿಯ ಬೀಚ್ ಕಾಡೊಂದರಲ್ಲಿ ಹೈಕೆ ಕಪೆಸ್ ಎಂಬ ಸಂಶೋಧಕಿ ದಿಮ್ಮಿಯ ಮಗ್ಗುಲಿನ ತರಗೆಲೆಯನ್ನೂ ತುಸು ದೂರದ ತರಗೆಲೆಯನ್ನೂ ಜರಡಿ ಹಿಡಿದು ನೋಡಿದರು. ಮಗ್ಗುಲಲ್ಲೇ ಹುಳುಗಳು ಹೆಚ್ಚು. ಅದು ಸುಣ್ಣದ ಮಣ್ಣಿನ ಕಾಡು, ಬಸವನಹುಳುವಿಗೆ ಹೇಳಿಮಾಡಿಸಿದ ನೆಲ. ಅಂಥಲ್ಲೂ ದಿಮ್ಮಿಯ ಪ್ರಭಾವ ಎದ್ದು ಕಂಡಿತು.

ಒಂದು ದಿಮ್ಮಿಯ ಒಳಗೆ

ಬಿದ್ದ ಮರ ಒಂದೇ ದಿನಕ್ಕೆ ಮನೆಯಾಗುವುದಿಲ್ಲ. ಮೊದಲ ಕೆಲವು ವರ್ಷ ತೊಗಟೆ ಗಟ್ಟಿ, ಒಳಗೆ ಜಾಗವಿಲ್ಲ. ಮೇಲೆ ಹಾವಸೆ, ಕಲ್ಲುಹೂವು ಬೆಳೆದರೆ ರಾತ್ರಿ ಮೇಯಲು ಬರುವ ಹುಳುಗಳುಂಟು, ಅಷ್ಟೇ. ಆಮೇಲೆ ತೊಗಟೆ ಸಡಿಲವಾಗುತ್ತದೆ. ತೊಗಟೆಗೂ ಮರಕ್ಕೂ ನಡುವೆ ಬೆರಳು ತೂರದಷ್ಟು ಸಣ್ಣ ಸಂದು ಬೀಳುತ್ತದೆ. ಮಧ್ಯ ಯುರೋಪಿನಲ್ಲಿ ಈ ಸಂದಿನ ಹಕ್ಕುದಾರರು ಕದದ ಬಸವನಹುಳುಗಳು.

ಇವುಗಳನ್ನು ಹತ್ತಿರದಿಂದ ನೋಡಬೇಕು. ಚಿಪ್ಪು ನಮ್ಮ ಕಣ್ಣಿಗೆ ಪರಿಚಿತವಾದ ದುಂಡು ಸುರುಳಿಯಲ್ಲ. ನೂಲುವ ಕದಿರಿನಂತೆ ಉದ್ದ, ಸಣ್ಣ, ಎರಡೂ ಕಡೆ ಚೂಪು, ಎತ್ತರ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಹೆಚ್ಚಿನ ಬಸವನಹುಳುಗಳ ಸುರುಳಿ ಬಲಕ್ಕೆ ತಿರುಗಿದರೆ ಇವುಗಳದ್ದು ಎಡಕ್ಕೆ. ಚಿಪ್ಪಿನ ಬಾಯಿಯ ಒಳಗೆ ಚಮಚದ ಆಕಾರದ ಒಂದು ಸುಣ್ಣದ ತಟ್ಟೆ ಇದೆ. ಹುಳು ಹೊರಬರುವಾಗ ಅದು ಪಕ್ಕಕ್ಕೆ ಸರಿಯುತ್ತದೆ, ಒಳಹೋದಾಗ ಕದದಂತೆ ಮುಚ್ಚಿಕೊಳ್ಳುತ್ತದೆ. ಸಡಿಲ ತೊಗಟೆಯೊಂದನ್ನು ಮೆಲ್ಲಗೆ ಎತ್ತಿದರೆ ಹತ್ತಾರು ಕದಿರುಗಳು ಸಾಲಾಗಿ ಅಂಟಿಕೊಂಡಿರುವುದು ಕಾಣುತ್ತದೆ, ಕದಗಳೆಲ್ಲ ಮುಚ್ಚಿ. ಆ ತೊಗಟೆಯನ್ನು ಇದ್ದಂತೆಯೇ ಇಟ್ಟು ಬರಬೇಕು. ಕಿತ್ತು ಎಸೆದರೆ ಆ ಸಂದು ಮತ್ತೆ ಆಗುವುದಿಲ್ಲ.

ಇನ್ನೂ ಕೆಲ ವರ್ಷಕ್ಕೆ ಮರ ಲಡ್ಡಾಗುತ್ತದೆ, ಅಂದರೆ ಕೊಳೆತು ಮೆತ್ತಗಾಗುತ್ತದೆ. ಅಣಬೆಯ ಬಿಳಿ ಎಳೆಗಳು ಉದ್ದಕ್ಕೂ ಹಬ್ಬುತ್ತವೆ. ಆಗ ದಿಮ್ಮಿ ಆಸರೆಯಷ್ಟೇ ಅಲ್ಲ, ಅನ್ನವೂ ಆಗುತ್ತದೆ. ಬಸವನಹುಳುವಿನ ನಾಲಿಗೆ ಅರದಂತೆ, ಅದರ ಮೇಲೆ ಸಾವಿರಾರು ಸೂಕ್ಷ್ಮ ಹಲ್ಲುಗಳು. ಅದು ಅಣಬೆ ಎಳೆ, ಪಾಚಿ, ಕೊಳೆತ ನಾರನ್ನು ಕೆರೆದು ತಿನ್ನುತ್ತದೆ. ಮರದ ನಾರನ್ನು ಕರಗಿಸುವ ಕಿಣ್ವಗಳು ಅದರ ಹೊಟ್ಟೆಯಲ್ಲಿವೆ. ಯೀಸ್ಟಿನ ಗಟ್ಟಿ ಹೊರಗೋಡೆಯನ್ನು ಕರಗಿಸಬೇಕಾದಾಗ ಪ್ರಯೋಗಾಲಯಗಳಲ್ಲಿ ಬಸವನಹುಳುವಿನ ಜಠರದ ರಸವನ್ನೇ ಬಳಸಿದ್ದಾರೆ ಎಂದರೆ ಅದರ ಶಕ್ತಿ ಊಹಿಸಬಹುದು. ನಿಂಬೆ ಬಣ್ಣದ ಮಲಕೊಲೈಮ್ಯಾಕ್ಸ್ ಟೆನೆಲಸ್ ಎಂಬ ಗೊಣ್ಣೆಹುಳು ಬಹುತೇಕ ಅಣಬೆಯನ್ನೇ ನಂಬಿ ಬದುಕುತ್ತದೆ. ಗೇಣುದ್ದ ಬೆಳೆಯುವ ಬೂದುಗಪ್ಪು ಗೊಣ್ಣೆಹುಳು ಲೈಮ್ಯಾಕ್ಸ್ ಸಿನೆರಿಯೊನೈಗರ್ ಹಗಲಿಡೀ ಇಂಥ ದಿಮ್ಮಿಯಡಿ ಮಲಗಿ ರಾತ್ರಿ ಹೊರಡುತ್ತದೆ. ಬ್ರಿಟನ್ನಿನಲ್ಲಿ ಈ ಎರಡನ್ನೂ ಹಳೆಯ ಕಾಡಿನ ಗುರುತು ಎಂದೇ ಎಣಿಸುತ್ತಾರೆ.

ಕೊನೆಗೆ ದಿಮ್ಮಿ ಮಣ್ಣಾಗುತ್ತದೆ. ಬೀಚ್ ಮರಕ್ಕೆ ಇದಕ್ಕೆಲ್ಲ ಕೆಲವು ದಶಕ ಬೇಕು. ಪ್ರತಿ ಹಂತಕ್ಕೂ ಅದರದೇ ಬಾಡಿಗೆದಾರರು. ಆದ್ದರಿಂದ ಒಂದು ಕಾಡಿನಲ್ಲಿ ನಿನ್ನೆ ಬಿದ್ದ ಮರವೂ ಹತ್ತು ವರ್ಷದ ಹಿಂದೆ ಬಿದ್ದದ್ದೂ ಮೂವತ್ತು ವರ್ಷದ ಹಿಂದೆ ಬಿದ್ದದ್ದೂ ಒಟ್ಟಿಗೆ ಇರಬೇಕಾಗುತ್ತದೆ.

ಸುಣ್ಣದ ಸರಪಳಿ

ಬಸವನಹುಳುವಿನ ಚಿಪ್ಪು ಸುಣ್ಣ. ಹುಳು ಬೆಳೆದಂತೆ ಚಿಪ್ಪೂ ಬೆಳೆಯಬೇಕು, ಮೊಟ್ಟೆಗೂ ಸುಣ್ಣ ಬೇಕು. ಸುಣ್ಣದ ಕಲ್ಲಿನ ನೆಲದಲ್ಲಿ ಇದಕ್ಕೆ ಬರವಿಲ್ಲ. ಹುಳಿ ಮಣ್ಣಿನ ಕಾಡಿನಲ್ಲಿ ಪ್ರತಿ ಕಣವನ್ನೂ ಹುಡುಕಬೇಕು. ಮರ ಕೊಳೆಯುವಾಗ ಇಂಗಾಲ ಗಾಳಿಗೆ ಹೋಗುತ್ತದೆ, ಸುಣ್ಣದಂಶ ಉಳಿದುಕೊಳ್ಳುತ್ತದೆ. ಅಣಬೆಯ ಎಳೆಗಳು ಅದನ್ನು ಹರಳುಗಳಾಗಿ ಕೂಡಿಡುತ್ತವೆ. ಹೀಗೆ ಬಡ ಮಣ್ಣಿನ ಕಾಡಿನಲ್ಲಿ ಕೊಳೆತ ದಿಮ್ಮಿ ಸುತ್ತಲಿನ ನೆಲಕ್ಕಿಂತ ಒಂದಿಷ್ಟು ವಾಸಿಯಾದ ಜಾಗವಾಗುತ್ತದೆ.

ಈ ಸುಣ್ಣ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೆದರ್ಲೆಂಡ್ಸಿನ ಒಂದು ಪ್ರಕರಣ ಮನಮುಟ್ಟುವಂತೆ ತೋರಿಸಿತು. 1980ರ ದಶಕದಲ್ಲಿ ಅಲ್ಲಿಯ ಬುಂಡರ್‌ಕಾಂಪ್ ಕಾಡಿನಲ್ಲಿ ದೊಡ್ಡ ಚೇಕಡಿ ಹಕ್ಕಿಗಳ ಮೊಟ್ಟೆಗಳು ಒಡೆಯತೊಡಗಿದವು. ಇದು ನಮ್ಮ ಹಿತ್ತಲಿಗೂ ಬರುವ ಬೂದು ಚೇಕಡಿಯ ಹತ್ತಿರದ ನಂಟ. ಮೊಟ್ಟೆಯ ಕವಚ ತೆಳು, ರಂಧ್ರಮಯ. ಕೆಲವು ಹಕ್ಕಿಗಳು ಖಾಲಿ ಗೂಡಿನ ಮೇಲೇ ಕಾವು ಕೂತವು. ಯಾಪ್ ಗ್ರಾವೆಲಾಂಡ್ ಮತ್ತು ಸಂಗಡಿಗರು ಕಾರಣ ಬೆನ್ನಟ್ಟಿದರು. ಕಾಳು, ಕೀಟಗಳಲ್ಲಿ ಕವಚಕ್ಕೆ ಬೇಕಾದಷ್ಟು ಸುಣ್ಣವಿಲ್ಲ. ಹೆಣ್ಣು ಹಕ್ಕಿ ಮೊಟ್ಟೆ ಇಡುವ ದಿನಗಳಲ್ಲಿ ಬಸವನಹುಳುವಿನ ಚಿಪ್ಪು ಹುಡುಕಿ ತಿನ್ನುತ್ತದೆ. ಆಮ್ಲ ಮಳೆಯಿಂದ ಮಣ್ಣಿನ ಸುಣ್ಣ ತೊಳೆದುಹೋಗಿ ಬಸವನಹುಳುಗಳೇ ಕುಸಿದಿದ್ದವು. ಸಂಶೋಧಕರು ಚಿಪ್ಪಿನ ಚೂರು, ಕೋಳಿಮೊಟ್ಟೆಯ ಕವಚ ಇಟ್ಟುಕೊಟ್ಟಾಗ ಹಕ್ಕಿಗಳ ಮೊಟ್ಟೆ ಗಟ್ಟಿಯಾಯಿತು. 1994ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅಲ್ಲಿ ಮೂಲ ಕಾರಣ ಆಮ್ಲ ಮಳೆ, ಸತ್ತ ಮರ ಎತ್ತಿದ್ದಲ್ಲ. ಈ ವ್ಯತ್ಯಾಸ ಮರೆಯಬಾರದು. ಆದರೂ ಬಸವನಹುಳು ಕಡಿಮೆಯಾದರೆ ಕಾಡಿಗೇನು ನಷ್ಟ ಎಂದು ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಮಿಣುಕುಹುಳ. ಮುಂಗಾರಿಗೆ ಮುನ್ನ ಮಲೆನಾಡಿನ ಮರಗಳಲ್ಲಿ ಮಿನುಗುವ ಬೆಳಕಿನ ಹಿಂದೆ ತಿಂಗಳುಗಟ್ಟಲೆ ಮಣ್ಣು, ಎಲೆ, ಕೊಳೆತ ಮರದ ನಡುವೆ ಬೇಟೆಯಾಡಿದ ಮರಿಹುಳ ಇರುತ್ತದೆ. ಹಲವು ಜಾತಿಯ ಮಿಣುಕುಹುಳಗಳ ಮರಿಗಳಿಗೆ ಬಸವನಹುಳುಗಳೇ ಮುಖ್ಯ ಆಹಾರ.

ಕೆಲವೇ ಮಾರು ನಡೆಯುವವರ ಲೋಕ

ಈಗ ವಾದದ ಮುಖ್ಯ ಅಂಶಕ್ಕೆ ಬರೋಣ. ತೊಗಟೆ ದುಂಬಿ ಕಿಲೋಮೀಟರುಗಟ್ಟಲೆ ಹಾರುತ್ತದೆ. ಮರಕುಟಿಗ ಬೆಟ್ಟ ದಾಟುತ್ತದೆ. ಅಣಬೆಯ ಬೀಜಕಣ ಗಾಳಿಯಲ್ಲಿ ತೇಲಿ ಹೋಗುತ್ತದೆ. ಇವುಗಳಿಗೆ ಒಂದು ಕಾಡಿನಲ್ಲಿ ಸತ್ತ ಮರ ಮುಗಿದರೆ ಇನ್ನೊಂದು ಕಾಡು ಉಂಟು, ಮೂವತ್ತು ವರ್ಷದ ಮೇಲೆ ಮರಳಿ ಬರಬಹುದು. ಕೆಲವೇ ಮಿಲಿಮೀಟರ್ ಉದ್ದದ ನೆಲದ ಬಸವನಹುಳು ವರ್ಷವಿಡೀ ಸುತ್ತಾಡಿದರೂ ಕ್ರಮಿಸುವುದು ಕೆಲವೇ ಮಾರು. ನಡುವೆ ಒಂದು ಡಾಂಬರು ರಸ್ತೆ, ಒಂದು ಬಟ್ಟಬಯಲು ಸಿಕ್ಕಿದರೆ ಅದೇ ಅದರ ಸಮುದ್ರ.

ಇದರಿಂದ ಎರಡು ಫಲಗಳು ಹುಟ್ಟುತ್ತವೆ. ಒಂದು, ಅಂತರದ್ದು. ಸಾವಿರ ಹೆಕ್ಟೇರಿನ ಕಾಡಿನ ಸತ್ತ ಮರವನ್ನೆಲ್ಲ ಒಂದು ಮೂಲೆಯಲ್ಲಿ ರಾಶಿ ಹಾಕಿದರೂ ಹೆಕ್ಟೇರಿನ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಉಳಿದ ಕಾಡಿನ ಬಸವನಹುಳುಗಳಿಗೆ ಅದರಿಂದ ಏನೂ ಸಿಗದು. ಎರಡು, ಕಾಲದ್ದು. ಒಂದು ತಲೆಮಾರು ಕಾಡನ್ನು ಚೊಕ್ಕ ಮಾಡಿ ಮುಂದಿನ ತಲೆಮಾರು ಮನಸ್ಸು ಬದಲಿಸಿ ಮರ ಬಿಟ್ಟರೂ, ಅಷ್ಟರಲ್ಲಿ ಆ ಜಾಗದ ಹುಳು ಅಳಿದಿದ್ದರೆ ಹೊಸ ದಿಮ್ಮಿಗೆ ಬಂದು ಸೇರಲು ಯಾರೂ ಇರುವುದಿಲ್ಲ. ಸತ್ತ ಮರವನ್ನು ಎರಡು ವಾರದಲ್ಲಿ ಎತ್ತಬಹುದು. ಅದರ ಜೊತೆ ಹೋದದ್ದು ಮರಳಲು ನೂರು ವರ್ಷವೂ ಸಾಲದಿರಬಹುದು. ಕಾನೂನಿನ ಘನ ಮೀಟರ್ ಲೆಕ್ಕದಲ್ಲಿ ಈ ಎರಡೂ ಕಾಣುವುದಿಲ್ಲ ಎಂಬುದೇ ಅದರ ದೊಡ್ಡ ಕೊರತೆ.

ಹಾಗೆಂದು ದಿಮ್ಮಿಯೊಂದೇ ಎಲ್ಲವೂ ಅಲ್ಲ. ಮೇಲಿನ ನೆರಳು, ಮಣ್ಣಿನ ಗುಣ, ಎಲೆಗಳ ಬಗೆ ಎಲ್ಲಕ್ಕೂ ಪಾಲಿದೆ. ದಕ್ಷಿಣ ಸ್ವೀಡನ್ನಿನ ಓಕ್ ಮಿಶ್ರ ಕಾಡುಗಳಲ್ಲಿ ಸಂರಕ್ಷಣೆಗೆಂದೇ ಮರಗಳನ್ನು ವಿರಳ ಮಾಡಿ ನೋಡಿದಾಗ ಬಸವನಹುಳುಗಳಿಗೆ ಕೆಡುಕಾದದ್ದು ನಿಜ, ಆದರೆ ಅದು ಸೌಮ್ಯವಾಗಿತ್ತು. ನೆರಳನ್ನು ಪೂರ್ತಿ ಬೋಳಿಸಿ ಬಿಸಿಲಿನಲ್ಲಿ ದಿಮ್ಮಿ ಬಿಟ್ಟರೆ ಮಾತ್ರ ಅದು ಬೇಗ ಒಣಗಿ, ಹುಳುಗಳಿಗೆ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ವಿರೋಧದ ವಾದಗಳು

ಮೊದಲನೆಯದು ತೊಗಟೆ ದುಂಬಿ. ಸತ್ತ ಮರ ಬಿಟ್ಟರೆ ದುಂಬಿ ಹೆಚ್ಚಿ ಪಕ್ಕದ ಖಾಸಗಿ ಕಾಡೂ ಸಾಯುತ್ತದೆ ಎಂಬ ಭಯ. ಇದರಲ್ಲಿ ಅರ್ಧ ಸತ್ಯವಿದೆ. ಸ್ಪ್ರೂಸ್ ಕೊಲ್ಲುವ ದುಂಬಿಗೆ ಬೇಕಾದದ್ದು ತೊಗಟೆಯೊಳಗಿನ ಹಸಿ ಪದರ. ಅದು ಈಗಷ್ಟೇ ಬಿದ್ದ, ಸೊರಗುತ್ತಿರುವ ಮರದಲ್ಲಿ ಸಿಗುತ್ತದೆ. ಐದಾರು ವರ್ಷ ಮಲಗಿ ತೊಗಟೆ ಕಳಚಿದ ದಿಮ್ಮಿಯಲ್ಲಿ ಅದಕ್ಕೆ ತಿನ್ನಲು ಏನೂ ಇಲ್ಲ. ಬಸವನಹುಳುವಿಗೆ ಅತ್ಯಂತ ಬೆಲೆಯುಳ್ಳದ್ದು ಆ ಹಳೆಯ ದಿಮ್ಮಿಯೇ. ಎರಡನ್ನೂ ‘ಸತ್ತ ಮರ’ ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಜಗಳದ ಅರ್ಧ ಹುಟ್ಟಿದೆ.

ಬವೇರಿಯಾದ ರಾಷ್ಟ್ರೀಯ ಉದ್ಯಾನ ಈ ಜಗಳವನ್ನು ಮೈಮೇಲೆ ಎಳೆದುಕೊಂಡ ಜಾಗ. 1970ರಲ್ಲಿ ಆರಂಭವಾದ ಇದು ಜರ್ಮನಿಯ ಮೊದಲ ರಾಷ್ಟ್ರೀಯ ಉದ್ಯಾನ. 1983ರ ಬಿರುಗಾಳಿಗೆ ಉರುಳಿದ ಮರಗಳನ್ನು ಎತ್ತಬೇಡಿ ಎಂದು ರಾಜ್ಯದ ಸಚಿವ ಹಾನ್ಸ್ ಐಸೆನ್‌ಮನ್ ತೀರ್ಮಾನಿಸಿದರು. 1990ರ ದಶಕದಲ್ಲಿ ದುಂಬಿ ಹಬ್ಬಿ ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಬೂದು ಬಣ್ಣಕ್ಕೆ ತಿರುಗಿತು. ತಮ್ಮ ಕಾಡು ಕಣ್ಣೆದುರೇ ಸತ್ತಿತೆಂದು ಸುತ್ತಲಿನ ಊರಿನವರು ಬೀದಿಗಿಳಿದರು. ಅವರ ನೋವು ಸುಳ್ಳಲ್ಲ. ಇಂದು ಆ ಒಣ ಕಾಂಡಗಳ ನಡುವೆ ಹೊಸ ಕಾಡು ಎದ್ದಿದೆ, ಮೊದಲಿಗಿಂತ ಹೆಚ್ಚು ಬಗೆಯ ವಯಸ್ಸು, ಎತ್ತರಗಳೊಂದಿಗೆ. ಆದರೆ ಉದ್ಯಾನದ ಅಂಚಿನ ಪಟ್ಟಿಯಲ್ಲಿ ದುಂಬಿ ಹತ್ತಿದ ಮರಗಳನ್ನು ತೆಗೆಯುವ ಕ್ರಮ ಇಟ್ಟುಕೊಂಡರು. ಒಳಗೆ ಬಿಡು, ಅಂಚಿನಲ್ಲಿ ಕಾಯು ಎಂಬ ಈ ಹಂಚಿಕೆ ನ್ಯಾಯವಾಗಿ ಕಾಣುತ್ತದೆ.

ಪೋಲೆಂಡಿನ ಬಿಯಾವೊವಿಯೆಝಾದಲ್ಲಿ ಆದದ್ದು ಇದರ ವಿರುದ್ಧ. ದುಂಬಿಯ ಹೆಸರಿನಲ್ಲಿ 2016ರಲ್ಲಿ ಸರ್ಕಾರ ಕಡಿತದ ಮಿತಿಯನ್ನು ಸುಮಾರು ಮೂರು ಪಟ್ಟು ಏರಿಸಿತು. ಯುರೋಪಿನ ಅತಿ ಹಳೆಯ ಕಾಡುಗಳಲ್ಲಿ ಒಂದಾದ ಅಲ್ಲಿ ಕಡಿತ ಕಾನೂನುಬಾಹಿರ ಎಂದು ಐರೋಪ್ಯ ನ್ಯಾಯಾಲಯ 2018ರ ಏಪ್ರಿಲ್ 17ರಂದು ತೀರ್ಪು ಕೊಟ್ಟಿತು.

ಎರಡನೆಯದು ಬೆಂಕಿ. ಕಾಡ್ಗಿಚ್ಚು ಓಡುವುದು ಸಣ್ಣ ಇಂಧನದ ಮೇಲೆ: ಒಣಹುಲ್ಲು, ತರಗೆಲೆ, ಕಡ್ಡಿ, ನಮ್ಮಲ್ಲಾದರೆ ಲಂಟಾನ. ನೆಲಕ್ಕೊರಗಿದ ದಪ್ಪ ದಿಮ್ಮಿ ಸುಲಭಕ್ಕೆ ಹೊತ್ತುವುದಿಲ್ಲ. ಆದರೆ ತೀವ್ರ ಬರದಲ್ಲಿ ಒಮ್ಮೆ ಹೊತ್ತಿಕೊಂಡರೆ ದಿನಗಟ್ಟಲೆ ಒಳಗೊಳಗೇ ಕನಲುತ್ತದೆ, ಆರಿಸುವವರಿಗೆ ದೊಡ್ಡ ತೊಂದರೆ. ರಸ್ತೆ, ಊರು, ಬೆಂಕಿ ದಾಟದಂತೆ ಸವರಿ ತೆರವಿಟ್ಟ ಬೆಂಕಿ ರೇಖೆಗಳ ಪಕ್ಕದಿಂದ ಮರ ಸರಿಸಬೇಕು ಎನ್ನುವವರ ಮಾತು ಸರಿಯೇ. ಅದನ್ನೇ ನೆಪಮಾಡಿ ಕಾಡಿನ ನಡುವಿನಿಂದ ದಿಮ್ಮಿ ಹೊರುವುದಕ್ಕೆ ಸಮರ್ಥನೆಯಿಲ್ಲ.

ಮೂರನೆಯದು ಹೊಟ್ಟೆಯ ಪ್ರಶ್ನೆ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಮರ ಎಂದರೆ ದೇಶದ ಆದಾಯ, ಸಾವಿರಾರು ಸಣ್ಣ ಹಿಡುವಳಿದಾರರ ಸಂಸಾರ. ಬಿಟ್ಟ ಮರದ ನಷ್ಟ ಯಾರು ತುಂಬಿಕೊಡಬೇಕು ಎಂಬ ಅವರ ಪ್ರಶ್ನೆಗೆ ಉತ್ತರ ಇನ್ನೂ ಗಟ್ಟಿಯಾಗಿಲ್ಲ. ನಮ್ಮಲ್ಲಿ ಪ್ರಶ್ನೆ ಬೇರೆ. ಕಾಡಂಚಿನ ಬಡವರ ಒಲೆಗೆ ಕಟ್ಟಿಗೆ ಬೇಕು. ಇಲ್ಲಿ ತಲೆಹೊರೆಗೂ ಲಾರಿ ಹೊರೆಗೂ ವ್ಯತ್ಯಾಸ ಮಾಡಬೇಕು. ಹೆಂಗಸರು ಆರಿಸುವುದು ಕೈಯಲ್ಲಿ ಮುರಿಯುವ ಒಣಕಡ್ಡಿ, ಪುಳ್ಳೆ. ಬಸವನಹುಳುವಿಗೆ ವರ್ಷಗಟ್ಟಲೆ ಆಸರೆಯಾಗುವುದು ಗರಗಸವಿಲ್ಲದೆ ಅಲುಗಿಸಲಾಗದ ದಿಮ್ಮಿ. ಮೊದಲನೆಯದನ್ನು ಬಿಗಿ ಹಿಡಿದು ಎರಡನೆಯದನ್ನು ಹರಾಜು ಹಾಕುವ ನೀತಿ ಎಲ್ಲೇ ಇದ್ದರೂ ತಲೆಕೆಳಗು.

ಇನ್ನೊಂದು ಭಯ: ದಿಮ್ಮಿ ಬಿಟ್ಟರೆ ಬೆಳೆ ತಿನ್ನುವ ಹುಳು ಹೆಚ್ಚುವುದಿಲ್ಲವೇ? ಯುರೋಪಿನ ತೋಟಗಳನ್ನು ಕಾಡುವುದು ಏರಿಯನ್ ವಲ್ಗ್ಯಾರಿಸ್ ಎಂಬ ಗೊಣ್ಣೆಹುಳು. ಅಡಿಕೆ, ಕಾಫಿ, ಪಪ್ಪಾಯಿಯವರ ನಿದ್ದೆಗೆಡಿಸಿರುವುದು ಆಫ್ರಿಕಾದ ದೈತ್ಯ ಬಸವನಹುಳು. ಅದನ್ನು 1847ರಲ್ಲಿ ಕಲ್ಕತ್ತೆಗೆ ತಂದು ಬಿಟ್ಟವನು ವಿಲಿಯಂ ಬೆನ್ಸನ್, ಅವನೇ ಬಸವನಹುಳುಗಳ ಅಭ್ಯಾಸಿ. ಈ ಎರಡೂ ಮನುಷ್ಯ ಕದಡಿದ ನೆಲದಲ್ಲಿ ಹೆಚ್ಚುವ ಜಾತಿಗಳು. ತೋಟದೊಳಗೆ, ಬೇಲಿಯಂಚಿನಲ್ಲಿ ಕೊಳೆತ ಮರ, ಕಸದ ರಾಶಿ ಇಟ್ಟುಕೊಳ್ಳದಿರುವುದು ಬೆಳೆಗಾರರಿಗೆ ಒಳ್ಳೆಯದು. ಆ ಸಲಹೆಯನ್ನು ಕಾಡಿಗೂ ಹಿಗ್ಗಿಸಿದರೆ ಒಂದು ಎಲೆಕೋಸನ್ನೂ ಮುಟ್ಟದ ನೂರಾರು ಜಾತಿಗಳು ತಪ್ಪಿಲ್ಲದೆ ಶಿಕ್ಷೆ ಅನುಭವಿಸುತ್ತವೆ.

ಘಟ್ಟದಲ್ಲಿ ಗಡಿಯಾರ ಬೇಗ ಓಡುತ್ತದೆ

ಪಶ್ಚಿಮ ಘಟ್ಟದಲ್ಲಿ ಸುಮಾರು 270 ಜಾತಿಯ ನೆಲದ ಬಸವನಹುಳುಗಳು ದಾಖಲಾಗಿವೆ. ಮುಕ್ಕಾಲು ಪಾಲು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಇಂಡ್ರೆಲ್ಲಾ ಆಂಪುಲ್ಲಾ ಅವುಗಳಲ್ಲೊಂದು. ಕುಂಕುಮ, ಕಿತ್ತಳೆ, ಹಳದಿ ಮೈ. ಬೆನ್ನ ಮೇಲೆ ತೆಳುವಾದ, ತನ್ನನ್ನೇ ಪೂರ್ತಿ ಮುಚ್ಚಿಕೊಳ್ಳಲಾಗದಷ್ಟು ಸಣ್ಣ ಚಿಪ್ಪು. ಚಿಪ್ಪು ಪೂರ್ತಿ ಆಸರೆ ಕೊಡದ ಇಂಥ ಜೀವಿಗೆ ಕಾಡಿನ ತೇವವೇ ಎರಡನೇ ಚಿಪ್ಪು.

ಯುರೋಪಿನ ಪಾಠವನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು, ಒಂದು ದೊಡ್ಡ ಕಾರಣಕ್ಕೆ. ಸೆಬಾಸ್ಟಿಯನ್ ಸೈಬೋಲ್ಡ್ ಮತ್ತು ಸಂಗಡಿಗರು ಹಲವು ಖಂಡಗಳ ಕಾಡುಗಳಲ್ಲಿ ಮರದ ತುಂಡುಗಳನ್ನಿಟ್ಟು ಅಳೆದು 2021ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಉತ್ತರದ ಶೀತ ಕಾಡುಗಳಲ್ಲಿ ಸತ್ತ ಮರ ವರ್ಷಕ್ಕೆ ಶೇ 3.3ರಷ್ಟು ತೂಕ ಕಳೆದುಕೊಳ್ಳುತ್ತದೆ, ಸಮಶೀತೋಷ್ಣ ಕಾಡುಗಳಲ್ಲಿ ಶೇ 6.3, ಉಷ್ಣವಲಯದಲ್ಲಿ ಶೇ 28.2. ಗೆದ್ದಲು, ಅಣಬೆ, ಬಿಸಿ, ಮಳೆ ಎಲ್ಲ ಕೂಡಿ ಜರ್ಮನಿಯಲ್ಲಿ ದಶಕಗಳು ಹಿಡಿಯುವ ಕೆಲಸವನ್ನು ಇಲ್ಲಿ ಕೆಲವೇ ವರ್ಷಗಳಲ್ಲಿ ಮುಗಿಸುತ್ತವೆ.

ಇದರ ಅರ್ಥ ಎರಡು ಬಗೆ. ಚೊಕ್ಕ ಮಾಡಿದ ಕಾಡಿನಲ್ಲಿ ಹೊಸ ದಿಮ್ಮಿ ಬೇಗ ಲಡ್ಡಾಗಿ ಹುಳುಗಳಿಗೆ ಒದಗುತ್ತದೆ, ಇದು ಒಳ್ಳೆಯ ಸುದ್ದಿ. ಆದರೆ ಅಷ್ಟೇ ಬೇಗ ಮಣ್ಣಾಗಿಬಿಡುತ್ತದೆ. ಯುರೋಪಿನಲ್ಲಿ ಹತ್ತು ವರ್ಷ ಮರ ಎತ್ತಿದರೂ ಹಳೆಯ ದಿಮ್ಮಿಗಳು ಆಸರೆಯಾಗಿ ಉಳಿದಿರುತ್ತವೆ. ಇಲ್ಲಿ ಹತ್ತು ವರ್ಷ ಎತ್ತಿದರೆ ಬಹುತೇಕ ಏನೂ ಉಳಿಯದು. ನಮ್ಮ ಕಾಡಿಗೆ ಬೇಕಾದದ್ದು ದಾಸ್ತಾನಲ್ಲ, ಬತ್ತದ ಒಸರು: ಪ್ರತಿ ಮಳೆಗಾಲದ ಗಾಳಿಗೂ ಒಂದಿಷ್ಟು ಮರ ಉರುಳುತ್ತಿರಬೇಕು, ಉರುಳಿದ್ದು ಅಲ್ಲೇ ಉಳಿಯಬೇಕು. ಹದವರಿತು ಒಂದೇ ವಯಸ್ಸಿನಲ್ಲಿ ಬುಡಸಮೇತ ಕಡಿದು ಸಾಗಿಸುವ ಅಕೇಶಿಯಾ ನೆಡುತೋಪಿನಲ್ಲಿ ಮುದಿಯಾಗಿ ಉರುಳುವ ಅವಕಾಶವೇ ಯಾವ ಮರಕ್ಕೂ ಇಲ್ಲ.

ಕೊಡಗಿನಲ್ಲಿ 1214 ದೇವರಕಾಡುಗಳು ಲೆಕ್ಕದಲ್ಲಿವೆ. ಇಂಥ ಎಷ್ಟೋ ದೇವರಕಾಡು, ನಾಗಬನಗಳಲ್ಲಿ ಬಿದ್ದ ಕಡ್ಡಿಯನ್ನೂ ಮನೆಗೆ ಒಯ್ಯಬಾರದು ಎಂಬ ಕಟ್ಟಳೆ ತಲೆಮಾರುಗಳಿಂದ ಬಂದಿದೆ. ಎಕರೆಗಳ ಲೆಕ್ಕದಲ್ಲಿ ಅವು ಚಿಕ್ಕವು, ಹಲವು ಒತ್ತುವರಿಯಿಂದ ಕಿರಿದಾಗಿವೆ. ಕೆಲವೇ ಮಾರು ನಡೆಯುವ ಜೀವಿಗೆ ಮಾತ್ರ ಅವು ಚಿಕ್ಕವಲ್ಲ. ಕಾಫಿ ತೋಟಗಳ ನಡುವೆ ಅಲ್ಲಲ್ಲಿ ಉಳಿದ ಇಂಥ ಬನಗಳಲ್ಲಿ ಮರ ಬೀಳುವುದೂ ಕೊಳೆಯುವುದೂ ನಿಂತಿರದಿದ್ದರೆ, ಆ ಜಾಗದ ಹುಳುಗಳ ಸಂತತಿಯೂ ಕಡಿಯದೆ ಬಂದಿರುವ ಸಾಧ್ಯತೆ ಹೆಚ್ಚು.

ಯಾವುದನ್ನು ಗಮನಿಸಬೇಕು?

ಐರೋಪ್ಯ ದೇಶಗಳ ಯೋಜನೆಗಳು ಹೊರಬಂದಾಗ ಒಟ್ಟು ಘನ ಮೀಟರ್ ಎಷ್ಟು ಎಂಬುದರ ಮೇಲೆ ಚರ್ಚೆ ನಡೆಯುವುದು ಖಚಿತ. ದುಂಬಿಗೆ ಸತ್ತ ಸ್ಪ್ರೂಸ್‌ಗಳಿಂದಲೇ ಆ ಅಂಕಿ ತಾನಾಗಿ ಏರಬಹುದು, ದೇಶಗಳು ಅದನ್ನೇ ಸಾಧನೆ ಎಂದು ತೋರಿಸಬಹುದು. ನೋಡಬೇಕಾದ್ದು ಬೇರೆ: ಬೀಚ್, ಓಕ್, ಆ್ಯಶ್‌ಗಳಂಥ ಅಗಲ ಎಲೆಯ ಮರಗಳ ದಪ್ಪ ದಿಮ್ಮಿಗಳು ಎಷ್ಟು, ಅವು ಕಾಡಿನುದ್ದಕ್ಕೂ ಚದುರಿವೆಯೇ, ನೆರಳಿನಲ್ಲಿವೆಯೇ, ಹೊಸತರ ಜೊತೆ ಹಳೆಯವೂ ಇವೆಯೇ. ಮರ ಸಾಗಿಸುವ ಯಂತ್ರಗಳು ಇರುವ ಹಳೆಯ ದಿಮ್ಮಿಗಳನ್ನು ತುಳಿದು ಪುಡಿಮಾಡದಂತೆ ದಾರಿ ಗುರುತಿಸಿದ್ದಾರೆಯೇ ಎಂಬುದೂ ಮುಖ್ಯ, ಏಕೆಂದರೆ ಮೂವತ್ತು ವರ್ಷ ಕೊಳೆತ ದಿಮ್ಮಿ ಒಂದು ಚಕ್ರದಡಿ ಒಂದು ಕ್ಷಣದಲ್ಲಿ ಮುಗಿಯುತ್ತದೆ.

ನಮ್ಮಲ್ಲಿ ನೋಡಬೇಕಾದ ದಿನಗಳು ಬೇಸಿಗೆಗೆ ಮುಂಚಿನವು. ಬೆಂಕಿ ರೇಖೆ ಸವರುವ ಆ ಹೊತ್ತಿನಲ್ಲಿ ರೇಖೆಗೆ ಅಡ್ಡ ಬಿದ್ದ ದಿಮ್ಮಿಯನ್ನು ಏನು ಮಾಡುತ್ತಾರೆ ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಡಿಪೋಗೆ ಹೋದರೆ ಅದು ಕೆಲವು ರೂಪಾಯಿಯ ಸೌದೆ. ನಾಲ್ಕು ಜನ ಸೇರಿ ರೇಖೆಯಿಂದ ಸಾಕಷ್ಟು ಒಳಗೆ, ಮರಗಳ ನೆರಳಿಗೆ ಉರುಳಿಸಿ, ಮಣ್ಣಿಗೆ ತಾಗಿ ಮಲಗುವಂತೆ ಬಿಟ್ಟರೆ ಬೆಂಕಿಯ ದಾರಿಯೂ ತೆರವಾಗುತ್ತದೆ. ಜೂನಿನ ಮೊದಲ ಮಳೆಗೆ ಅದರ ಅಡಿ ಒದ್ದೆಯಾಗಿ, ಮುಂದಿನ ಬೇಸಿಗೆಯ ಹೊತ್ತಿಗೆ ಸುತ್ತಲಿನ ಹುಳುಗಳಿಗೆ ಅವಿತುಕೊಳ್ಳಲು ಒಂದು ಜಾಗ ಆಗಿರುತ್ತದೆ.